ಮಗಳಿಗೊಂದು ಪತ್ರ: ದೊಡ್ಡಪ್ಪ ತೋರಿಸದೆ ಬಿಟ್ಟಿದ್ದು

ಪ್ರೀತಿಯ ಪುಟ್ಟಿ,

ನೀನು ಕೇಳಿದ ವಿಡಿಯೋ ನನ್ನ ಹತ್ತಿರ ಇದೆ. ದೊಡ್ಡಪ್ಪ ಹೋದಾಗ ನಿನ್ನ ಅತ್ತೆಯ ಮಗ ಮನೆಯಿಂದ ಹರಿಶ್ಚಂದ್ರ ಘಾಟ್ ಸ್ಮಶಾನದ ತನಕ ಎಲ್ಲವನ್ನೂ ಮೊಬೈಲಲ್ಲಿ ಹಿಡಿದಿದ್ದಾನೆ. ಒಂದು ಗಂಟೆಗೂ ಜಾಸ್ತಿ ಇದೆ. ಅದನ್ನು ಇಡಿಯಾಗಿ ನಾನು ಕಳಿಸುತ್ತಿಲ್ಲ. ಯಾಕೆ ಅಂತ ಫೋನಲ್ಲಿ ಹೇಳೋಣ ಅಂದರೆ ನೀನು ಅಳ್ತಾ ಇದ್ದೆ, ನನಗೂ ಗಂಟಲು ಕಟ್ಟಿತ್ತು. ಟಿಕೆಟ್ ಸಿಗದೆ ಅಲ್ಲೇ ಉಳಿದವಳಿಗೆ ವಿಡಿಯೋನೂ ಇಲ್ಲ ಅಂದರೆ ಹೇಗಾಗುತ್ತೆ ಅಂತ ನನಗೆ ಗೊತ್ತು. ಸ್ವಲ್ಪ ತಾಳ್ಮೆಯಿಂದ ಓದು.

ನಿನ್ನ ಪಾಲಿಗೆ ದೊಡ್ಡಪ್ಪ ಅಂದರೆ ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಬೇಕರಿಯ ಹನಿ ಕೇಕು, ಕಾರ್ತಿಕದ ಕೊನೇ ಸೋಮವಾರ ರಜಾ ಹಾಕಿಯಾದರೂ ಮಕ್ಕಳನ್ನೆಲ್ಲ ಬಸವನಗುಡಿ ಪರಿಷೆಗೆ ಕರ್ಕೊಂಡು ಹೋಗುವ ಮನುಷ್ಯ. ಅವನ ಕೆಲಸದ ಬಗ್ಗೆ ನಿನಗೆ ಜಾಸ್ತಿ ಗೊತ್ತಿಲ್ಲ. ಸ್ಕೂಲಲ್ಲಿ ‘ನಮ್ಮ ದೊಡ್ಡಪ್ಪ ಟಿವಿ ವಾರ್ತೆಯಲ್ಲಿದ್ದಾರೆ’ ಅಂತ ಹೇಳಿ, ‘ಹಾಗಾದ್ರೆ ಯಾವತ್ತೂ ಕಾಣಿಸಲ್ವಲ್ಲ’ ಅಂತ ಗೆಳತಿಯರು ನಕ್ಕರು ಅಂತ ಮುಖ ಸಣ್ಣ ಮಾಡ್ಕೊಂಡು ಬಂದಿದ್ದೆ. ಅದಕ್ಕೆ ಅವನು, ‘ನಾನು ಕಾಣಿಸಿದ ದಿನ ಏನೋ ಕೆಟ್ಟಿದೆ ಅಂತಲೇ ಅರ್ಥ ಕಣೇ’ ಅಂದಿದ್ದ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅಣ್ಣ ಸೇರಿದ್ದು ಅದಾದ ಕೆಲವು ವರ್ಷಕ್ಕೆ, ವಾರ್ತಾ ವಿಭಾಗದಲ್ಲಿ ಎಡಿಟಿಂಗ್ ಕೆಲಸಕ್ಕೆ. ಆಗ ನಮ್ಮ ಮನೇಲಿ ಟಿವಿಯೇ ಇರಲಿಲ್ಲ. ಅವನು ಕತ್ತರಿಸಿ ಜೋಡಿಸಿದ ವಾರ್ತೆಯನ್ನು ನಾನು ಮತ್ತು ನಿನ್ನ ಅಜ್ಜಿ ಪಕ್ಕದ ಮನೆಯ ಕಿಟಕಿಯಿಂದ ನೋಡಿದ್ದೂ ಉಂಟು.

ಒಂದು ಸಲ ಊಟದ ಡಬ್ಬಿ ಕೊಡೋಕೆ ಅಂತ ಜೆ.ಸಿ. ನಗರಕ್ಕೆ ಹೋದಾಗ ಒಳಗೆ ಕರ್ಕೊಂಡು ಹೋಗಿ ತೋರಿಸಿದ. ಧೂಳು ಬರಬಾರದು ಅಂತ ಚಪ್ಪಲಿ ಹೊರಗೇ ಬಿಡಬೇಕಿತ್ತು. ಮೆಷಿನ್ನುಗಳಿಗೋಸ್ಕರ ಎಸಿ ಹಾಕಿ ಒಳಗೆ ಎಂಥ ಚಳಿ ಅಂದರೆ, ಏಪ್ರಿಲ್ ತಿಂಗಳಲ್ಲೂ ಅಣ್ಣ ಸ್ವೆಟರ್ ತಗೊಂಡು ಆಫೀಸಿಗೆ ಹೋಗುತ್ತಿದ್ದ. ಬೀದಿಯವರೆಲ್ಲ ನಗುತ್ತಿದ್ದರು. ಒಳಗೆ ಎಡಕ್ಕೊಂದು ಮೆಷಿನ್, ಬಲಕ್ಕೊಂದು ಮೆಷಿನ್, ಎರಡಕ್ಕೂ ಒಂದೊಂದು ಮಾನಿಟರ್, ಮಧ್ಯೆ ತಿರುಗಿಸೋ ಗುಂಡಿ ಇರೋ ಒಂದು ಪೆಟ್ಟಿಗೆ. ಆಗಿನದು ಯು-ಮ್ಯಾಟಿಕ್ ಅಂತ ಮುಕ್ಕಾಲು ಇಂಚಿನ ಟೇಪು. ಒಂದೊಂದು ಕ್ಯಾಸೆಟ್ಟೂ ದಪ್ಪನೆ ಪುಸ್ತಕದಷ್ಟಿರುತ್ತಿತ್ತು. ಕ್ಯಾಮೆರಾದವರು ತಂದಿದ್ದನ್ನು ಎಡಗಡೆ ಹಾಕಿ, ಗುಂಡಿ ತಿರುಗಿಸುತ್ತಾ ಬೇಕಾದ ಜಾಗ ಹುಡುಕಿ ಗುರುತು ಮಾಡಬೇಕು. ಆಮೇಲೆ ಎರಡೂ ಟೇಪು ಕೆಲವು ಸೆಕೆಂಡ್ ಹಿಂದಕ್ಕೆ ಹೋಗಿ, ಒಟ್ಟಿಗೆ ಓಡಿ ಬಂದು, ಸರಿಯಾಗಿ ಆ ಜಾಗಕ್ಕೆ ಬಂದ ಕೂಡಲೇ ಬಲಗಡೆಯದು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಒಂದು ಶಾಟ್ ಆಯಿತು. ಇನ್ನೊಂದಕ್ಕೆ ಮತ್ತೆ ಇದೇ ಕಥೆ.

ನಿಮಗೆಲ್ಲ ಇದು ನಗು ಬರಬಹುದು. ಈಗ ಮಧ್ಯದಲ್ಲಿ ಎರಡು ಸೆಕೆಂಡ್ ಸೇರಿಸಬೇಕು ಅಂದರೆ ಬೆರಳಲ್ಲಿ ಎಳೆದರೆ ಆಯ್ತು. ಆಗ ಹಾಗಿರಲಿಲ್ಲ. ಮೂರನೇ ಶಾಟ್ ಉದ್ದ ಮಾಡಬೇಕು ಅಂದರೆ ನಾಲ್ಕನೆಯದರಿಂದ ಕೊನೇವರೆಗೆ ಎಲ್ಲವನ್ನೂ ಮತ್ತೆ ಹಾಕಬೇಕು. ಅದನ್ನು ತಪ್ಪಿಸೋಣ ಅಂತ ಕಾಪಿಯಿಂದ ಕಾಪಿ ಮಾಡಿದರೆ ಬಣ್ಣ ಕದಡಿ ಚಿತ್ರ ಮಂಕಾಗುತ್ತಿತ್ತು. ಸಂಜೆ ವಾರ್ತೆಯ ಹೊತ್ತಿಗೆ ಅದಕ್ಕೆಲ್ಲ ಟೈಮ್ ಎಲ್ಲಿರುತ್ತೆ? ಜಿಲ್ಲೆಗಳಿಂದ ಕ್ಯಾಸೆಟ್ ರಾತ್ರಿ ಬಸ್ಸಲ್ಲಿ ಕಂಡಕ್ಟರ್ ಕೈಲಿ ಬರುತ್ತಿತ್ತು. ಬಸ್ ಕೆಟ್ಟು ನಿಂತರೆ ಸುದ್ದಿಯೂ ಅಲ್ಲೇ ನಿಂತಿತು ಅಂತಲೇ ಲೆಕ್ಕ. ಹಾಗಾಗಿ ಗುಂಡಿ ಒತ್ತೋ ಮೊದಲೇ ಏನು ಇಡಬೇಕು, ಏನು ಬಿಡಬೇಕು ಅಂತ ತಲೇಲಿ ತೀರ್ಮಾನ ಆಗಿರಬೇಕಿತ್ತು.

ಸರ್ಕಾರಿ ವಾರ್ತೆ ಅಂದರೆ ಗೊತ್ತಲ್ಲ, ಶಂಕುಸ್ಥಾಪನೆ, ಉದ್ಘಾಟನೆ, ಹಾರ, ಭಾಷಣ. ನಾನು ಇದೇ ವಿಷಯಕ್ಕೆ ಅವನ ಜೊತೆ ಜಗಳ ಆಡುತ್ತಿದ್ದೆ. ಅವನು ಇಲ್ಲ ಅನ್ನುತ್ತಿರಲಿಲ್ಲ. ‘ಮಂತ್ರಿಗಳು ಟೇಪು ಕತ್ತರಿಸ್ತಾರೆ, ನಾನು ಅವರನ್ನ ಕತ್ತರಿಸ್ತೀನಿ’ ಅಂತ ಮಾತು ಹಾರಿಸುತ್ತಿದ್ದ. ಆದರೆ ಒಂದು ವಿಷಯದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಭಾಷಣ ತುಂಡು ಮಾಡಿದ ಜಾಗ ಗೊತ್ತಾಗಬಾರದು ಅಂತ ಮಧ್ಯೆ ಕೂತು ಕೇಳುವವರ ಮುಖ ಹಾಕುತ್ತಾರಲ್ಲ, ಆ ಮುಖ ಅದೇ ಸಭೆಯದ್ದೇ ಆಗಿರಬೇಕು ಅನ್ನುತ್ತಿದ್ದ. ಬೇರೆ ಕಡೆಯ ಚಪ್ಪಾಳೆ ತಂದು ಇಲ್ಲಿ ಹಾಕಬಾರದು. ಮನೇಲಿ ಸಿನಿಮಾ ನೋಡುವಾಗಲೂ ಸುಮ್ನೆ ಇರುತ್ತಿರಲಿಲ್ಲ. ‘ಎರಡು ಸೆಕೆಂಡ್ ಜಾಸ್ತಿ ಆಯ್ತು’ ಅಂತ ಗೊಣಗಿ ಗೊಣಗಿ ನಿನ್ನ ದೊಡ್ಡಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ.

ನಿನ್ನ ಅತ್ತೆ ಮದುವೆ ವಿಡಿಯೋ ಕಥೆ ನೀನು ಕೇಳಿದ್ದೀಯೋ ಇಲ್ಲವೋ. ವಿಡಿಯೋದವನು ಕೊಟ್ಟಿದ್ದು ಮೂರು ವಿಎಚ್‌ಎಸ್ ಕ್ಯಾಸೆಟ್. ಅಣ್ಣ ಎಲ್ಲಿಂದಲೋ ಇನ್ನೊಂದು ವಿಸಿಆರ್ ತಂದು, ಎರಡನ್ನೂ ಜೋಡಿಸಿ, ರಾತ್ರಿಯೆಲ್ಲ ಕೂತು ಒಂದೇ ಕ್ಯಾಸೆಟ್ಟಿಗೆ ಇಳಿಸಿದ. ಎಲ್ಲರೂ ಹಾಲಲ್ಲಿ ಸೇರಿ ನೋಡಿದರೆ ಊಟದ ಪಂಕ್ತಿಯೇ ಇಲ್ಲ! ಬರೀ ಎಲೆ ಹಾಕುವುದು, ಬಡಿಸುವುದು, ಅಲ್ಲಿಗೆ ಮುಗೀತು. ಮೈಸೂರಿನ ಚಿಕ್ಕಮ್ಮನಿಗೆ ಸಿಟ್ಟೇ ಬಂತು. ‘ನಾವು ಅಷ್ಟು ದೂರದಿಂದ ಬಂದಿದ್ದೆಲ್ಲ ಎಲ್ಲಪ್ಪ ಹೋಯ್ತು?’ ಅಂದರು. ಅಣ್ಣ ತಣ್ಣಗೆ, ‘ಚಿಕ್ಕಮ್ಮ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡಿರೋ ನಿಮ್ಮ ಮುಖವನ್ನು ಬೀಗರ ಮನೇಲಿ ಹತ್ತು ಸಲ ನೋಡಬೇಕಾ?’ ಅಂದ. ಹೆಣ್ಣು ಒಪ್ಪಿಸುವಾಗ ನಿನ್ನ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಿದ್ದು ಮೂಲದಲ್ಲಿ ಬಹಳ ಹೊತ್ತು ಇತ್ತು. ಇವನು ಇಟ್ಟಿದ್ದು ಅಮ್ಮ ಸೆರಗು ಕಣ್ಣಿಗೆ ಒತ್ತಿಕೊಳ್ಳೋ ತನಕ. ಅಲ್ಲಿಂದ ನೇರ ಕಾರಿನ ಬಾಗಿಲು. ಅಜ್ಜಿ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಿದ್ದರು. ಪೂರ್ತಿ ಅಳು ಇದ್ದಿದ್ದರೆ ನೋಡುತ್ತಿದ್ದರಾ ಅಂತ ನನಗೆ ಅನುಮಾನ.

ಈಗ ಹೇಳಬೇಕಾದ ಮಾತಿಗೆ ಬರ್ತೀನಿ.

1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಇನ್ನೇನು ಇಳಿಯಬೇಕು ಅನ್ನುವಾಗ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿದ್ದು ಹೊತ್ತಿ ಉರಿಯಿತು. 146 ಜನ ಇದ್ದರು, 92 ಜನ ಹೋದರು. ಅವತ್ತು ಅಣ್ಣ ಮನೆಗೆ ಬಂದಾಗ ಬಹಳ ರಾತ್ರಿಯಾಗಿತ್ತು. ಬಂದವನು ಊಟ ಬೇಡ ಅಂದ. ಅಡುಗೆಮನೆಗೆ ಹೋಗಿ ಅಕ್ಕಿಯ ಮೊರ ಹಾಕ್ಕೊಂಡು ಕೂತು ಕಲ್ಲು ಆರಿಸಿದ. ಅತ್ತಿಗೆ ಏನೂ ಕೇಳಲಿಲ್ಲ. ಅವನಿಗೆ ಕೆಟ್ಟ ದಿನ ಇದ್ದಾಗೆಲ್ಲ ಮನೇಲಿ ಅಕ್ಕಿ ಸ್ವಚ್ಛ ಆಗುತ್ತಿತ್ತು. ಅದು ನಮಗೆಲ್ಲ ಗೊತ್ತಿದ್ದ ಗುಟ್ಟು.

ಅದರ ಬಗ್ಗೆ ಅವನು ಬಾಯಿ ಬಿಟ್ಟಿದ್ದು ಇಪ್ಪತ್ತು ವರ್ಷ ಆದ ಮೇಲೆ. 2010ರ ಮೇ 22, ಬಜ್ಪೆಯಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದ ದಿನ. 158 ಜನ ಸತ್ತು ಎಂಟೇ ಜನ ಉಳಿದರು. ಆ ಹೊತ್ತಿಗೆ ಇಪ್ಪತ್ತನಾಲ್ಕು ಗಂಟೆ ವಾರ್ತೆಯ ಚಾನೆಲ್‌ಗಳು ಬಂದಿದ್ದವು. ಬೆಳಗ್ಗೆಯಿಂದ ಅದೇ ಹೊಗೆ, ಅದೇ ಸ್ಟ್ರೆಚರ್, ಮತ್ತೆ ಮತ್ತೆ. ನಾವೆಲ್ಲ ಕಣ್ಣು ಮಿಟುಕಿಸದೆ ನೋಡ್ತಾ ಇದ್ದೆವು. ಅಣ್ಣ ಎದ್ದು ಹೋಗಿ ಟಿವಿ ಆರಿಸಿದ. ನಾನು ರೇಗಿದೆ. ಆಗ ಹೇಳಿದ: ‘ಮನೆಯವರು ಇನ್ನೂ ಹೆಸರಿನ ಪಟ್ಟಿ ಹುಡುಕ್ತಾ ಇರ್ತಾರೆ ಕಣೋ. ಅವರಿಗೆ ವಿಷಯ ನಮ್ಮಿಂದ ಹೀಗೆ ಗೊತ್ತಾಗಬಾರದು.’ 1990ರಲ್ಲಿ ಬಂದ ಟೇಪುಗಳನ್ನೆಲ್ಲ ಮೊದಲಿಂದ ಕೊನೇವರೆಗೆ ನೋಡಿದ್ದನಂತೆ. ನೋಡದೆ ಬಿಡೋಕೆ ಆಗಲ್ಲ, ಯಾವುದು ಬಿಡಬೇಕು ಅಂತ ಗೊತ್ತಾಗೋದೇ ನೋಡಿದ ಮೇಲೆ. ಅದರಲ್ಲಿ ಏನಿತ್ತು ಅಂತ ಆಗಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಟೇಪು ದುಬಾರಿ ಆಗಿದ್ದ ಕಾಲ ಅದು. ವಾರ್ತೆ ಮುಗಿದ ಮೇಲೆ ಅದೇ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಮಾಡುವುದು ಮಾಮೂಲಿ. ಹಾಗಾಗಿ ಅವನು ಬಿಟ್ಟಿದ್ದರಲ್ಲಿ ಎಷ್ಟೋ ಚಿತ್ರಗಳು ಬೇರೆಲ್ಲೂ ಉಳಿಯಲಿಲ್ಲ. ಊರು ನೋಡಬಾರದ್ದನ್ನು ಊರಿನ ಪರವಾಗಿ ನೋಡಿ, ಮನೆಗೆ ಬಂದು ನಿನಗೆ ಎರಡು ಜಡೆ ಹಾಕುತ್ತಿದ್ದ. ಬೈತಲೆ ಮಾತ್ರ ಯಾವತ್ತೂ ಸೊಟ್ಟ.

ಅವನನ್ನು ದೇವರು ಮಾಡಬೇಡ. ಖಾಸಗಿ ಚಾನೆಲ್‌ನವರು ಜಾಸ್ತಿ ಸಂಬಳಕ್ಕೆ ಕರೆದಾಗ ಹೋಗಲಿಲ್ಲ. ಅದನ್ನು ಈಗ ಎಲ್ಲರೂ ದೊಡ್ಡ ತ್ಯಾಗ ಅಂತ ಹೇಳ್ತಿದ್ದಾರೆ. ಅರ್ಧ ಪಿಂಚಣಿಯ ಆಸೆ, ಅರ್ಧ ಭಯ ಅಂತ ನನ್ನ ಅಭಿಪ್ರಾಯ. ಹಠ ಅಂತೂ ಕೇಳಲೇಬೇಡ. ಒಂದು ಸಲ ಮಾತು ಬಿಟ್ಟರೆ ತಿಂಗಳುಗಟ್ಟಲೆ ಬಿಟ್ಟ ಹಾಗೇ.

2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಹೋದಾಗ ಊರೆಲ್ಲ ಹೊತ್ತಿ ಉರೀತಿತ್ತು. ಅಣ್ಣ ಆಫೀಸಲ್ಲೇ ಉಳಿದ. ಕಪಾಲಿ ಥಿಯೇಟರಿನಲ್ಲಿ ಅಣ್ಣಾವ್ರ ಸಿನಿಮಾಗೆ ಮೊದಲ ದಿನವೇ ಕ್ಯೂ ನಿಲ್ಲುತ್ತಿದ್ದವನು, ಕಂಠೀರವ ಸ್ಟುಡಿಯೋಗೆ ಹೋದ ಮೆರವಣಿಗೆಯನ್ನು ಕೂತು ಕತ್ತರಿಸಿ ಜೋಡಿಸಿದ. ರಾಜ್‌ಕುಮಾರ್ ಕಣ್ಣು ದಾನ ಮಾಡಿದ್ದರಲ್ಲ, ಅದೇ ತಿಂಗಳು ಇವನೂ ಹೋಗಿ ಬರೆದುಕೊಟ್ಟು ಬಂದ. ಅತ್ತಿಗೆ ಆಗ ಒಪ್ಪಿರಲಿಲ್ಲ. 2021ರಲ್ಲಿ ಪುನೀತ್ ಹೋಗಿ, ಅವರ ಕಣ್ಣಿಂದ ನಾಲ್ಕು ಜನರಿಗೆ ದೃಷ್ಟಿ ಬಂತು ಅಂತ ತಿಳಿದ ಮೇಲೆ ತಾವೂ ಸಹಿ ಹಾಕಿದರು.

ಅದಕ್ಕೇ ನಾವು ಅವತ್ತು ನಿನ್ನ ಫೋನ್ ತಕ್ಷಣ ಎತ್ತಲಿಲ್ಲ. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯೋದು ಆಗಬೇಕಿತ್ತು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ ಅಂತ ಐ ಬ್ಯಾಂಕಿನವರು ಫೋನಲ್ಲೇ ಹೇಳಿದರು. ಹತ್ತಿ ಒದ್ದೆ ಮಾಡಿ ಇಟ್ಟಿದ್ದು ನಾನೇ. ಅವರು ಬಂದಾಗ ನಿನ್ನ ದೊಡ್ಡಮ್ಮ ಆ ಅಳುವಿನಲ್ಲೂ, ‘ಇವರಿಗೆ ದಪ್ಪ ಕನ್ನಡಕ ಇತ್ತಲ್ಲಪ್ಪ, ಆ ಕಣ್ಣು ಯಾರಿಗೆ ಆಗುತ್ತೆ?’ ಅಂತ ಕೇಳಿದರು. ಕನ್ನಡಕ ಇದ್ದರೆ ಏನೂ ತೊಂದರೆ ಇಲ್ಲಮ್ಮ, ಬೇಕಾಗಿರೋದು ಕಣ್ಣಿನ ಮುಂದಿರೋ ಪಾರದರ್ಶಕ ಪದರ, ಕಾರ್ನಿಯಾ ಮಾತ್ರ ಅಂತ ಆ ಹುಡುಗ ಸಮಾಧಾನವಾಗಿ ತಿಳಿಸಿ ಹೇಳಿದ.

ನಿನ್ನ ಅತ್ತೆಯ ಮಗ ಇದನ್ನೂ ಹಿಡಿದಿದ್ದಾನೆ. ದೊಡ್ಡಮ್ಮ ಕುಸಿದು ಬಿದ್ದಿದ್ದು, ಸೀರೆ ಸರಿಮಾಡೋಕೆ ಯಾರೋ ಓಡಿ ಬಂದಿದ್ದು, ಅಣ್ಣನ ಮುಖದ ತೀರಾ ಹತ್ತಿರದ ಚಿತ್ರ, ಎಲ್ಲ ಇದೆ. ಅವನನ್ನು ಬೈಯೋಕೆ ಹೋಗಲಿಲ್ಲ, ದುಃಖದಲ್ಲಿ ಅವನಿಗೂ ಏನು ಮಾಡಬೇಕು ಅಂತ ತೋಚಿಲ್ಲ. ನಿನ್ನೆ ರಾತ್ರಿ ನಾನು ಕೂತು ಮೊದಲಿಂದ ಕೊನೇವರೆಗೆ ನೋಡಿ ಅವನ್ನೆಲ್ಲ ತೆಗೆದಿದ್ದೀನಿ. ಉಳಿದಿದ್ದು ಹತ್ತು ಹನ್ನೆರಡು ನಿಮಿಷ. ಬೀದಿಯವರು ಗೇಟಿನ ಹತ್ತಿರ ನಿಂತಿರೋದು, ರಿಟೈರ್ ಆದ ಕ್ಯಾಮೆರಾಮನ್ನುಗಳು ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಬಂದಿದ್ದು, ದಿನಾ ಹೂವು ಕೊಡೋ ಅಜ್ಜಿ ಅವತ್ತು ದುಡ್ಡು ತಗೊಳ್ಳದೆ ಹಾರ ಹಾಕಿದ್ದು. ಇದರ ಜೊತೆ ಅದನ್ನು ಕಳಿಸ್ತಿದ್ದೀನಿ. ತೆಗೆದಿದ್ದನ್ನು ಅಳಿಸಿಲ್ಲ. ಬಂದಾಗ ನೋಡಲೇಬೇಕು ಅನ್ನಿಸಿದರೆ ಪಕ್ಕದಲ್ಲಿ ಕೂತು ತೋರಿಸ್ತೀನಿ. ಅಲ್ಲಿ ಒಬ್ಬಳೇ ರೂಮಿನಲ್ಲಿ ಕೂತು ನೋಡೋದು ಬೇಡ.

ಇನ್ನೊಂದು ವಿಷಯ. ಅಟ್ಟದ ಮೇಲೆ ಆ ಎರಡು ವಿಸಿಆರ್ ಇನ್ನೂ ಇವೆ, ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್. ಗುಜರಿಗೆ ಹಾಕೋಣ ಅಂತ ಮಾತು ಬಂತು, ನಾನು ಬೇಡ ಅಂದೆ. ಅದರಲ್ಲಿ ನಿನ್ನ ನಾಮಕರಣದ್ದೂ ಸಿಕ್ಕಿತು. ಮನೆಯವರ ಎಲ್ಲ ಸಮಾರಂಭವನ್ನೂ ಕತ್ತರಿಸಿ ಸಣ್ಣ ಮಾಡಿದವನು ಅದೊಂದನ್ನು ಮುಟ್ಟಿಲ್ಲ, ಹಾಗೇ ಇದೆ. ನಿನ್ನ ಅಮ್ಮ ಅದಕ್ಕೆ ಏನೇನೋ ಅರ್ಥ ಹಚ್ಚಿ ಕಣ್ಣೀರು ಹಾಕಿದಳು. ‘ಸೋಮಾರಿತನ, ಇನ್ನೇನು’ ಅಂದರು ನಿನ್ನ ದೊಡ್ಡಮ್ಮ. ನನಗೂ ಹಾಗೇ ಅನ್ನಿಸುತ್ತೆ. ಟೇಪಿಗೆ ಬೂಷ್ಟು ಹಿಡಿದಿದೆ, ಸುಮ್ನೆ ಹಾಕಿದರೆ ವಿಸಿಆರ್ ಒಳಗೆ ಟೇಪು ಓದೋ ಹೆಡ್ ಕೆಡುತ್ತೆ. ಎಸ್.ಪಿ. ರೋಡಿನಲ್ಲಿ ಇದನ್ನು ಸ್ವಚ್ಛ ಮಾಡೋರು ಯಾರಾದರೂ ಉಳಿದಿದ್ದಾರಾ ಅಂತ ಈ ವಾರ ವಿಚಾರಿಸ್ತೀನಿ.

ದೊಡ್ಡಮ್ಮನಿಗೆ ಫೋನ್ ಮಾಡು. ವಿಡಿಯೋ ಕಾಲ್ ಬೇಡ, ಅವರಿಗೆ ಮುಖ ತೋರಿಸೋಕೆ ಇಷ್ಟ ಇಲ್ಲ ಈಗ. ನಮ್ಮ ಸಂಜೆ ಆರರಿಂದ ಎಂಟರೊಳಗೆ ಮಾಡು, ಆಮೇಲೆ ಮಾತ್ರೆ ತಗೊಂಡು ಮಲಗ್ತಾರೆ. ಹೇಗಿದ್ದೀರಾ ಅಂತ ಮಾತ್ರ ಕೇಳಬೇಡ, ಎಲ್ಲರೂ ಅದನ್ನೇ ಕೇಳಿ ಸಾಕಾಗಿದೆಯಂತೆ. ಪರಿಷೆಯಲ್ಲಿ ನೀನು ಕಳೆದುಹೋಗಿ ಅಣ್ಣ ಮೈಕಲ್ಲಿ ಕೂಗಿಸಿದ್ದನ್ನು ಹೇಳು. ಅದನ್ನು ಅವನು ಮನೇಲಿ ಯಾರಿಗೂ ಹೇಳಿರಲಿಲ್ಲ, ಅತ್ತಿಗೆಗೆ ಇವತ್ತಿಗೂ ಗೊತ್ತಿಲ್ಲ.

ಇಂತಿ ನಿನ್ನ
ಅಪ್ಪ