ಉಳುಕಿದ ಕಾಲು: ಊತ ಇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಊರೂರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳು. ಬಹುಮಾನದ ಮೊತ್ತ, ಊಟ, ವಸತಿ ಎಲ್ಲವೂ ಕರಪತ್ರದಲ್ಲಿರುತ್ತವೆ. ಕಾಲು ಉಳುಕಿಸಿಕೊಂಡವನಿಗೆ ಏನು ವ್ಯವಸ್ಥೆ ಎಂಬ ಸಾಲು ಮಾತ್ರ ಇರುವುದಿಲ್ಲ. ವಾಲಿಬಾಲ್‌ನಲ್ಲಿ ದಿಢೀರನೆ ಆಗುವ ಗಾಯಗಳಲ್ಲಿ ಅತಿ ಹೆಚ್ಚು ಕಾಣುವುದು ಕಾಲಿನ ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಉಳುಕೇ. ಹಾಗಾಗಿ ಆಯೋಜಕರು, ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಆಟಗಾರರ ಗಮನಕ್ಕೆ ಈ ಪತ್ರ.

ಬಹುತೇಕ ಉಳುಕು ಆಗುವುದು ನೆಟ್‌ನ ಬುಡದಲ್ಲಿ. ಪಾದದ ಒಂದು ಭಾಗ ನೆಟ್ ಕೆಳಗಿನ ನಡುಗೆರೆಯ ಮೇಲಿದ್ದರೆ ಉಳಿದದ್ದು ಎದುರಾಳಿಯ ಅಂಕಣಕ್ಕೆ ಹೋದರೂ ನಿಯಮದ ಪ್ರಕಾರ ತಪ್ಪಲ್ಲ. ಹೀಗೆ ಎರಡೂ ಕಡೆಯವರ ಪಾದಗಳು ಒಂದೇ ಜಾಗಕ್ಕೆ ಬರುತ್ತವೆ. ಸ್ಮ್ಯಾಷ್ ಹೊಡೆದವನು ಅದನ್ನು ತಡೆಯಲು ಎದುರು ಜಿಗಿದ ಬ್ಲಾಕರ್‌ನ ಪಾದದ ಮೇಲೆ ಇಳಿಯುತ್ತಾನೆ, ಪಾದ ಒಳಕ್ಕೆ ಮಗುಚುತ್ತದೆ, ಹೊರಮಗ್ಗುಲಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯುತ್ತದೆ. ಲಿಫ್ಟ್, ಅಂದರೆ ಸ್ಮ್ಯಾಷ್‌ಗೆಂದು ಎತ್ತಿಕೊಟ್ಟ ಚೆಂಡು, ನೆಟ್‌ಗೆ ಅಂಟಿಕೊಂಡು ಬಂದಾಗ ಈ ಅಪಾಯ ಹೆಚ್ಚು, ಏಕೆಂದರೆ ಹೊಡೆಯುವವನು ಮೇಲಕ್ಕೆ ಜಿಗಿಯುವ ಬದಲು ಮುಂದಕ್ಕೆ ತೇಲುತ್ತಾನೆ. ನಾರ್ವೆಯ ವಾಲಿಬಾಲ್ ತಂಡಗಳಲ್ಲಿ 1990ರ ದಶಕದಲ್ಲಿ ಜಿಗಿದು ಇಳಿಯುವ ಕ್ರಮವನ್ನೂ ಸಮತೋಲನದ ವ್ಯಾಯಾಮವನ್ನೂ ಕಲಿಸಿದ ಮೇಲೆ ಹರಡಿನ ಉಳುಕು ಅರ್ಧದಷ್ಟು ಕಡಿಮೆಯಾಯಿತು. ಅಲ್ಲಿ ಕಲಿಸಿದ್ದು ದುಬಾರಿ ವಿದ್ಯೆಯೇನೂ ಆಗಿರಲಿಲ್ಲ. ನೇರ ಮೇಲಕ್ಕೆ ಜಿಗಿಯಬೇಕು, ಮಂಡಿ ಬಾಗಿಸಿ ಎರಡೂ ಕಾಲಿನ ಮೇಲೆ ಇಳಿಯಬೇಕು.

ಅಂಕಣದ್ದೂ ತಪ್ಪಿದೆ. ಸುಣ್ಣದ ಪುಡಿಯ ನಡುಗೆರೆ ಎರಡು ಸೆಟ್ ಮುಗಿಯುವಷ್ಟರಲ್ಲಿ ಅಳಿಸಿಹೋಗುತ್ತದೆ. ಪ್ರತಿ ಪಂದ್ಯಕ್ಕೂ ಮೊದಲು ಮತ್ತೆ ಎಳೆಯಿರಿ. ಕಂಬಗಳನ್ನು ಎಳೆಹಗ್ಗ, ತಂತಿ ಕಟ್ಟಿ ನಿಲ್ಲಿಸುವುದನ್ನು ಅಂತರರಾಷ್ಟ್ರೀಯ ನಿಯಮ ನಿಷೇಧಿಸಿದೆ. ನಮ್ಮಲ್ಲಿ ಗೂಟ, ಹಗ್ಗ ಎರಡೂ ಅಂಕಣದ ಪಕ್ಕದಲ್ಲೇ ಇರುತ್ತವೆ.

ಕಾಲು ಉಳುಕಿದೊಡನೆ ನೋವಿನ ಸ್ಪ್ರೇ ಹೊಡೆದು ‘ಏಳು, ಓಡಾಡು’ ಎನ್ನಬೇಡಿ. ಮೂಳೆ ಮುರಿದಿರಬಹುದೇ ಎಂದು ಮೊದಲು ನೋಡಬೇಕು. ಕೆನಡಾದ ವೈದ್ಯರು ರೂಪಿಸಿದ, ‘ಒಟ್ಟಾವಾ ನಿಯಮ’ ಎಂದು ಹೆಸರಾದ ಸರಳ ಪರೀಕ್ಷೆಯಿದೆ. ಹರಡಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಬೆರಳಿನಿಂದ ಒತ್ತಿ ನೋಡಿ. ಊತವನ್ನಲ್ಲ, ಮೂಳೆಯನ್ನೇ ಒತ್ತಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳ ನೇರಕ್ಕೆ ಉಬ್ಬಿಕೊಂಡಿರುವ ಮೂಳೆಯನ್ನೂ, ಒಳಬದಿಯಲ್ಲಿ ಹರಡಿನ ಮುಂದಿರುವ ಮೂಳೆಯನ್ನೂ ಒತ್ತಿ. ಈ ನಾಲ್ಕರಲ್ಲಿ ಎಲ್ಲಿ ನೋವಿದ್ದರೂ, ಅಥವಾ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ ಬೇಕು. ಶಾಲಾ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರ ಮೂಳೆಯ ತುದಿಯ ಬೆಳವಣಿಗೆಯ ಪದರ ಇನ್ನೂ ಎಳೆಯದು, ಅದಕ್ಕೆ ಪೆಟ್ಟಾಗಿದ್ದರೂ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಮೂಳೆಯ ಮೇಲೆ ನೋವಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ, ಮದ್ಯ ಮೂರೂ ಬೇಡ. ಹರಿದ ಜಾಗದಲ್ಲಿ ಇನ್ನೂ ರಕ್ತ ಒಸರುತ್ತಿರುತ್ತದೆ, ನೀವಿದರೆ ಊತ ಹೆಚ್ಚುತ್ತದೆ. ‘ಉಳುಕು ತೆಗೆಯುತ್ತೇನೆ’ ಎಂದು ಕಾಲು ಜಗ್ಗಿದಾಗ ಒಳಗೆ ಬಿರುಕು ಬಿಟ್ಟ ಮೂಳೆಯಿದ್ದರೆ ಅದು ಜರುಗಬಹುದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಬರಿ ಚರ್ಮಕ್ಕೆ ಇಟ್ಟರೆ ಸುಟ್ಟಂತಾಗುತ್ತದೆ. 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜನ್ನು ಕಾಲ್ಬೆರಳುಗಳ ಬುಡದಿಂದ ಶುರುಮಾಡಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ ಸಡಿಲವಾಗಿ ಕಟ್ಟಿ. ಮಲಗುವಾಗ ದಿಂಬಿನ ಮೇಲೆ ಕಾಲಿರಲಿ.

ಇಷ್ಟನ್ನು ಹಲವರು ಮಾಡುತ್ತಾರೆ. ಅನಾಹುತ ಆಗುವುದು ಆಮೇಲೆ. ವಾರದಲ್ಲಿ ಊತ ಇಳಿಯುತ್ತದೆ, ನಡೆಯಲು ಬರುತ್ತದೆ, ಮುಂದಿನ ಪಂದ್ಯಾವಳಿಗೆ ಹೆಸರು ಕೊಟ್ಟಾಗಿರುತ್ತದೆ. ಅದೇ ಕಾಲು ಮತ್ತೆ ಉಳುಕುತ್ತದೆ. ಲಿಗಮೆಂಟ್ ಎಂದರೆ ಮೂಳೆ ಹಿಡಿದಿಡುವ ಪಟ್ಟಿಯಷ್ಟೇ ಎಂದುಕೊಂಡಿದ್ದೇವೆ. ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರತಂತುಗಳೂ ಅದರಲ್ಲಿವೆ. ಅವು ಹರಿದರೆ ಸುದ್ದಿ ಮುಟ್ಟುವುದು ತಡವಾಗುತ್ತದೆ, ಕಾಲಿನ ಹೊರಬದಿಯ ಸ್ನಾಯು ಬಿಗಿಯುವ ಮೊದಲೇ ಪಾದ ಮಗುಚಿರುತ್ತದೆ. ಊತ ಇಳಿದ ಮಾತ್ರಕ್ಕೆ ಈ ದೋಷ ಸರಿಹೋಗದು, ಅಭ್ಯಾಸದಿಂದಲೇ ಸರಿಯಾಗಬೇಕು.

ಮೂರನೇ ನಾಲ್ಕನೇ ದಿನದಿಂದ ಹೆಬ್ಬೆರಳಲ್ಲಿ ಗಾಳಿಯ ಮೇಲೆ ಅ, ಆ, ಇ, ಈ ಬರೆಯುತ್ತ ಕೀಲು ಆಡಿಸಿ. ನೋವು ತಡೆಯುವಷ್ಟಾದ ಮೇಲೆ ಹಳೇ ಸೈಕಲ್ ಟ್ಯೂಬನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯುವುದು, 15ರಂತೆ ಮೂರು ಬಾರಿ. ಗಾಯವಾದ ಕಾಲೊಂದರ ಮೇಲೆ 30 ಸೆಕೆಂಡ್ ನಿಲ್ಲುವುದು, ಅದು ಸಲೀಸಾದರೆ ಕಣ್ಣು ಮುಚ್ಚಿ, ಆಮೇಲೆ ಒಂಟಿಕಾಲಲ್ಲೇ ಗೆಳೆಯನೊಡನೆ ಚೆಂಡು ಪಾಸ್ ಮಾಡುವುದು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಆಟಕ್ಕೆ ಮರಳಿದ ಮೇಲೂ ತಿಂಗಳುಗಟ್ಟಲೆ ಬಿಡಬಾರದು.

ಅಂಕಣಕ್ಕೆ ಇಳಿಸುವ ಮೊದಲು ಅಳೆದು ನೋಡಿ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗಿಸಿದಾಗ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರ ಎರಡೂ ಕಾಲಿಗೆ ಹೆಚ್ಚುಕಮ್ಮಿ ಒಂದೇ ಇರಬೇಕು. 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೀಲು ಇನ್ನೂ ಬಿಗಿದಿದೆ ಎಂದರ್ಥ. ಒಂಟಿಕಾಲ ಜಿಗಿತ ಸರಿಯಿರುವ ಕಾಲಿನ ಶೇ 90ರಷ್ಟು ದೂರ ಹೋಗಬೇಕು. ಹತ್ತು ಸಲ ಬ್ಲಾಕ್‌ಗೆ ಜಿಗಿದು ಇಳಿದರೂ ನೋವು, ಅಳುಕು ಇರಬಾರದು. ಸಣ್ಣ ಉಳುಕಿಗೆ ಒಂದೆರಡು ವಾರ ಸಾಕಾದರೆ, ಪೂರ್ತಿ ಹರಿದ ಲಿಗಮೆಂಟ್‌ಗೆ ಎರಡು ಮೂರು ತಿಂಗಳೇ ಬೇಕಾಗಬಹುದು. ಒಮ್ಮೆ ಉಳುಕಿದವರು ಆಡುವಾಗ ಲೇಸ್ ಇರುವ ಆಂಕಲ್ ಬ್ರೇಸ್ (ಹರಡಿಗೆ ಆಧಾರ ಕೊಡುವ ಕವಚ) ಹಾಕಿಕೊಳ್ಳುವುದು ಒಳ್ಳೆಯದು.

ಮುಂದಿನ ಪಂದ್ಯಾವಳಿಯ ಆಯೋಜಕರಲ್ಲಿ ನಮ್ಮ ವಿನಂತಿ ಇಷ್ಟು: ಅಂಕಣದ ಬದಿಯಲ್ಲಿ ಒಂದು ಐಸ್ ಡಬ್ಬಿ, ನಾಲ್ಕು ಕ್ರೇಪ್ ಬ್ಯಾಂಡೇಜ್, ಮೇಲಿನ ಪರೀಕ್ಷೆ ಬಲ್ಲ ಒಬ್ಬರು ಇರಲಿ. ‘ಇವನು ಇಂದು ಆಡುವಂತಿಲ್ಲ’ ಎಂದು ಅವರು ಹೇಳಿದರೆ ಫೈನಲ್ ಪಂದ್ಯವಾದರೂ ತಂಡದ ನಾಯಕ ಒಪ್ಪಲೇಬೇಕು ಎಂಬ ಷರತ್ತನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿ.

ಇಂತಿ,
ಕ್ರೀಡಾ ಫಿಸಿಯೋಥೆರಪಿಸ್ಟ್‌ಗಳು ಮತ್ತು ವಾಲಿಬಾಲ್ ತರಬೇತುದಾರರು