ಡಿಕ್ರಿ ಬಂತು, ದುಡ್ಡು ಬರಲಿಲ್ಲ: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರ.

ನಾನು ಪೀಣ್ಯದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ಮಾಲು ತೆಗೆದುಕೊಂಡು ಬಿಲ್ ಕಟ್ಟದ ಗಿರಾಕಿಯ ಮೇಲೆ ಸಿವಿಲ್ ಕೋರ್ಟಿನಲ್ಲಿ ದಾವಾ ಹಾಕಿ ಗೆದ್ದೆ. ಬಡ್ಡಿ ಸಮೇತ ಕೊಡಬೇಕೆಂದು ಡಿಕ್ರಿ ಆಯಿತು. ದುಡ್ಡು ಇನ್ನೂ ಬಂದಿಲ್ಲ. ಗೆದ್ದವನು ಅದನ್ನು ವಸೂಲಿ ಮಾಡಲು ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು, ಮತ್ತೆ ವಾಯಿದೆಗಳಿಗೆ ಅಲೆಯಬೇಕು.

ಇದು ನನ್ನೊಬ್ಬನ ಗೋಳಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದ ಲೆಕ್ಕದಂತೆ ದೇಶದಲ್ಲಿ 8.8 ಲಕ್ಷಕ್ಕೂ ಜಾಸ್ತಿ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಇಂಥ ಅರ್ಜಿಗಳನ್ನು 6 ತಿಂಗಳಲ್ಲಿ ಮುಗಿಸಿ ಎಂದು ಅದೇ ಕೋರ್ಟ್ 2021ರಲ್ಲೇ ಹೇಳಿತ್ತು. ಇಂಡಿಯಾದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿದ್ದು 1872ರಲ್ಲಿ!

ಎಲ್ಲಕ್ಕಿಂತ ದೊಡ್ಡ ತೊಡಕು ಆಸ್ತಿ ಹುಡುಕುವುದು. ಜಪ್ತಿ ಬೇಕೆಂದರೆ ಎದುರಾಳಿಯ ಸೈಟು ಎಲ್ಲಿದೆ, ಚಕ್ಕುಬಂದಿ ಏನು, ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ನಾನೇ ಬರೆದುಕೊಡಬೇಕು. ನನಗೆ ಹೇಗೆ ಗೊತ್ತಾಗಬೇಕು? ಆಸ್ತಿ ವಿವರದ ಅಫಿಡವಿಟ್ ಕೊಡು ಎಂದು ಸಾಲಗಾರನಿಗೆ ಹೇಳುವ ಅಧಿಕಾರ ಕೋರ್ಟಿಗಿದೆ. ಆದರೆ ಅದನ್ನೂ ನಾವೇ ಅರ್ಜಿ ಹಾಕಿ ಕೇಳಬೇಕು. ನೋಟಿಸ್ ಜಾರಿಯಾಗುವಷ್ಟರಲ್ಲಿ ಸೈಟು ಭಾಮೈದನ ಹೆಸರಿಗೆ ಹೋಗಿರುತ್ತದೆ. ಬ್ಯಾಂಕುಗಳಿಗಾದರೆ 2002ರ ಸರ್ಫೇಸಿ ಕಾಯ್ದೆ ಇದೆ. 60 ದಿನದ ನೋಟಿಸ್ ಕೊಟ್ಟು, ದಾವಾ ಹೂಡದೆಯೇ ಅಡವಿಟ್ಟ ಆಸ್ತಿಗೆ ಕೈಹಾಕಬಹುದು. ಅಡವಿಲ್ಲದೆ ನಂಬಿಕೆಯ ಮೇಲೆ ಮಾಲು ಕೊಟ್ಟ ನಮ್ಮಂಥವರಿಗೆ ಏನಿದೆ?

ಸಿವಿಲ್ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯವೂ ತಿದ್ದುಪಡಿ ತರಬಹುದು. ಹಣದ ಡಿಕ್ರಿ ಆದ ದಿನವೇ ಆಸ್ತಿ ಅಫಿಡವಿಟ್‌ಗೆ ಗಡುವು ಬೀಳಲಿ. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶ, ಇ-ಖಾತಾ ಎರಡೂ ಸರ್ಕಾರದ ಕೈಯಲ್ಲೇ ಇವೆ ಅಲ್ವಾ? ಕೋರ್ಟ್ ಕೇಳಿದ ಕೂಡಲೇ ಆ ಹೆಸರಿನಲ್ಲಿರುವ ಆಸ್ತಿಯ ವಿವರ ನೇರವಾಗಿ ನ್ಯಾಯಾಧೀಶರಿಗೆ ಹೋಗಲಿ. ಜಪ್ತಿಗೆ ಹೋಗಲು ಬೇಕಾದಷ್ಟು ಅಮೀನರನ್ನೂ (ಕೋರ್ಟಿನ ಆದೇಶ ಜಾರಿ ಮಾಡುವ ಸಿಬ್ಬಂದಿ) ಕೊಡಿ.

ಸಾಲಗಾರನನ್ನು ಬೀದಿಗೆ ತರಬೇಕೆಂದು ನಾನು ಕೇಳುತ್ತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆಗಳನ್ನು ಜಪ್ತಿ ಮಾಡಬಾರದೆಂಬ ಕಾನೂನಿದೆ, ಅದು ಹಾಗೇ ಇರಲಿ. ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ ಉಳಿದದ್ದರ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಈಗಿನ ಬೆಂಗಳೂರಿನಲ್ಲಿ ಆ ಸಾವಿರ ಯಾವ ಮೂಲೆಗೆ? ಅದನ್ನು ಜಾಸ್ತಿ ಮಾಡಿದರೂ ನನ್ನ ಒಪ್ಪಿಗೆಯಿದೆ.

2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಕೋರ್ಟಿನ ದಾರಿ ಹೀಗೇ ಕಟ್ಟಿಕೊಂಡಿದ್ದರೆ ಜನ ವಸೂಲಿ ಗೂಂಡಾಗಳ ಹತ್ತಿರ ಹೋಗುತ್ತಾರೆ. "ಪರ್ಸೆಂಟೇಜ್ ಕೊಡಿ ಸಾರ್, ನಾವು ನೋಡ್ಕೋತೀವಿ" ಎಂದು ನನಗೂ ಫೋನ್ ಬಂದಿತ್ತು. ಬೇಡ ಎಂದೆ. ನನ್ನ ಹಣ ಕೋರ್ಟಿನ ಮೂಲಕವೇ ಬರಬೇಕು. ಮುಂದಿನ ಅಧಿವೇಶನದಲ್ಲಿ ಈ ತಿದ್ದುಪಡಿ ತರುತ್ತೀರಾ ಎಂಬುದಕ್ಕೆ ತಮ್ಮ ಉತ್ತರ ಬೇಕು.

ಇಂತಿ,
ಪೀಣ್ಯದ ಒಬ್ಬ ಡಿಕ್ರಿದಾರ