ವಂಡರ್‌ಲಾ ಪ್ರವಾಸ: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮುಂದಿನ ಬುಧವಾರ ಬಿಡದಿ ಹತ್ತಿರದ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾಗೆ ಹೋಗೋಣ. ಶನಿವಾರ, ಭಾನುವಾರ ಟಿಕೆಟ್ ದುಬಾರಿ, ಜನವೂ ಜಾಸ್ತಿ.

ಅಲ್ಲಿ ಮಕ್ಕಳ ಟಿಕೆಟ್ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ ಕೊಡುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 140ರೊಳಗಿದ್ದರೆ ಮಕ್ಕಳ ದರ. ಚಪ್ಪಲಿ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ, ಟೇಪ್ ಹಿಡಿದು ಅಳೆದೇ ಹೇಳಿ. ಕಳೆದ ಸಲ ಅಂದಾಜಿನ ಮೇಲೆ ಮಗಳಿಗೆ ದೊಡ್ಡವರ ಟಿಕೆಟ್ ತೆಗೆದಿದ್ದೆ, ಸುಮ್ನೆ ದುಡ್ಡು ಹೋಯಿತು.

ನೀರಿಗಿಳಿಯಲು ಹತ್ತಿ ಬಟ್ಟೆ ನಡೆಯುವುದಿಲ್ಲ. ನೈಲಾನ್ ಬಟ್ಟೆ, ಟವೆಲ್ ಮನೆಯಿಂದಲೇ ತನ್ನಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಹಾಗಾಗಿ ಬಿಡದಿಯಲ್ಲೇ ಬಿಸಿ ತಟ್ಟೆ ಇಡ್ಲಿ ತಿಂದು ಹೋಗೋಣ.

ಎಷ್ಟು ಜನ, ಮಕ್ಕಳ ಎತ್ತರ ಎಷ್ಟು ಅಂತ ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಆನ್‌ಲೈನಲ್ಲಿ ಒಟ್ಟಿಗೇ ಬುಕ್ ಮಾಡುತ್ತೇನೆ.